ವಯಸ್ಸಾದ ತಂದೆತಾಯಿಯ ಆರೈಕೆ: ಸ್ವಂತ ಮನೆ, ಹೋಂ ನರ್ಸ್, ಮಕ್ಕಳ ಮನೆ, ವೃದ್ಧಾಶ್ರಮ, ಹಿರಿಯರ ಬಡಾವಣೆ – ಯಾರಿಗೆ ಯಾವುದು?

ಓದುಗರು ಕೇಳುವ ಪ್ರಶ್ನೆಯ ವಿವರಗಳು ಬೇರೆಬೇರೆಯಾದರೂ ಅದರ ಚೌಕಟ್ಟು ಹೆಚ್ಚುಕಡಿಮೆ ಒಂದೇ. ತಂದೆ ತೀರಿಕೊಂಡಿದ್ದಾರೆ. 78 ವರ್ಷದ ತಾಯಿ ಶಿವಮೊಗ್ಗದಲ್ಲೋ ಹಾಸನದಲ್ಲೋ ಸ್ವಂತ ಮನೆಯಲ್ಲಿ ಒಬ್ಬರೇ ಇದ್ದಾರೆ. ಮಗ ಬೆಂಗಳೂರಿನಲ್ಲಿ ಎರಡು ಕೋಣೆಯ ಫ್ಲ್ಯಾಟಿನಲ್ಲಿದ್ದಾನೆ, ಮಗಳು ಪರದೇಶದಲ್ಲಿದ್ದಾಳೆ. ಇತ್ತೀಚೆಗೆ ತಾಯಿ ಬಚ್ಚಲಿನಲ್ಲಿ ಜಾರಿ ಬಿದ್ದರು. ಈಗ ಅವರನ್ನು ಕರೆತರುವುದೋ, ಅಲ್ಲಿಯೇ ಹೋಂ ನರ್ಸ್ ಇಡುವುದೋ, ಒಳ್ಳೆಯ ವೃದ್ಧಾಶ್ರಮ ನೋಡುವುದೋ, ಹಿರಿಯರಿಗೆಂದೇ ಕಟ್ಟಿದ ಬಡಾವಣೆಯಲ್ಲಿ ಮನೆ ಹಿಡಿಯುವುದೋ ಎಂಬ ಚರ್ಚೆ ಕುಟುಂಬದ ವಾಟ್ಸ್ಆ್ಯಪ್ ಗುಂಪಿನಲ್ಲಿ ಶುರುವಾಗುತ್ತದೆ.

ಈ ಚರ್ಚೆ ನಡೆಯುವ ಮನೆಗಳ ಸಂಖ್ಯೆ ಹೆಚ್ಚುತ್ತಲೇ ಇದೆ. 2011ರ ಜನಗಣತಿಯ ಪ್ರಕಾರ ದೇಶದಲ್ಲಿ 60 ದಾಟಿದವರು ಸುಮಾರು 10.4 ಕೋಟಿ, 2050ರ ವೇಳೆಗೆ ಐವರಲ್ಲಿ ಒಬ್ಬರು ಆ ವಯಸ್ಸಿನವರಾಗಿರುತ್ತಾರೆ ಎಂದು ವಿಶ್ವಸಂಸ್ಥೆಯ ಜನಸಂಖ್ಯಾ ನಿಧಿಯ 2023ರ ವರದಿ ಅಂದಾಜಿಸಿದೆ. ಹಿಂದೆ ಈ ಆರೈಕೆಯ ಭಾರವನ್ನು ಯಾರನ್ನೂ ಕೇಳದೆ ಸೊಸೆಯ ತಲೆಗೆ ಕಟ್ಟಲಾಗುತ್ತಿತ್ತು. ಈಗ ಆ ಸೊಸೆ ಬೆಳಿಗ್ಗೆ ಎಂಟಕ್ಕೆ ಕೆಲಸಕ್ಕೆ ಹೊರಡುತ್ತಾಳೆ. ಹೊಸ ವ್ಯವಸ್ಥೆಗಳೆಲ್ಲ ಹುಟ್ಟಿರುವುದು ಈ ತೆರಪಿನಲ್ಲಿಯೇ, ಮತ್ತು ಅವುಗಳ ಬೆಲೆ ಅಷ್ಟಿರುವುದೂ ಅದೇ ಕಾರಣಕ್ಕೆ.

ನನ್ನ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಹೆಚ್ಚಿನವರು ಹಗಲಿನ ಚಿತ್ರವನ್ನು ಮುಂದಿಟ್ಟುಕೊಂಡು ಜಾಗ ಆರಿಸುತ್ತಾರೆ: ತೋಟ, ದೇವಸ್ಥಾನ, ಊಟದ ರುಚಿ, ಓರಗೆಯವರ ಸಹವಾಸ. ಆದರೆ ಮಾಡಿದ ಏರ್ಪಾಡು ಮುರಿದುಬೀಳುವುದು ಬಹುಮಟ್ಟಿಗೆ ರಾತ್ರಿಯಲ್ಲಿ, ಇಲ್ಲವೇ ಇರಬೇಕಾದ ಒಬ್ಬರು ಬಾರದ ದಿನ. ಆದ್ದರಿಂದ ಪ್ರತಿಯೊಂದು ಆಯ್ಕೆಯನ್ನೂ ಆ ಎರಡು ಹೊತ್ತಿಗೆ ಒಡ್ಡಿ ನೋಡಬೇಕು.

ಮೊದಲು ಅಳೆಯಬೇಕಾದದ್ದು

ವೈದ್ಯರು ಹಿರಿಯರ ಸ್ವಾವಲಂಬನೆಯನ್ನು ಅಳೆಯಲು ಆರು ಕೆಲಸಗಳನ್ನು ನೋಡುತ್ತಾರೆ: ಸ್ನಾನ, ಬಟ್ಟೆ ಹಾಕಿಕೊಳ್ಳುವುದು, ಶೌಚಾಲಯಕ್ಕೆ ಹೋಗಿ ಬರುವುದು, ಹಾಸಿಗೆಯಿಂದ ಎದ್ದು ಕುರ್ಚಿಗೆ ಬರುವುದು, ಮಲಮೂತ್ರದ ಮೇಲಿನ ಹಿಡಿತ, ಮತ್ತು ಕೈಯಾರೆ ಊಟ ಮಾಡುವುದು. ಇವುಗಳಲ್ಲಿ ಯಾವುದಕ್ಕೆ ಸಹಾಯ ಬೇಡ, ಯಾವುದಕ್ಕೆ ಪಕ್ಕದಲ್ಲಿ ಒಬ್ಬರು ನಿಂತರೆ ಸಾಕು, ಯಾವುದನ್ನು ಪೂರ್ತಿ ಇನ್ನೊಬ್ಬರೇ ಮಾಡಿಸಬೇಕು ಎಂಬುದನ್ನು ಒಂದು ವಾರ ಅವರೊಂದಿಗೇ ಇದ್ದು ಬರೆದುಕೊಳ್ಳಿ. ಫೋನಿನಲ್ಲಿ ಕೇಳಿದರೆ "ನನಗೇನಾಗಿದೆ, ಗಟ್ಟಿಯಾಗಿದ್ದೀನಿ, ನೀನು ಊಟ ಮಾಡಿದ್ಯಾ" ಎಂಬ ಉತ್ತರವಷ್ಟೇ ಸಿಗುತ್ತದೆ. ಮನೆಗೆ ಹೋದಾಗ ಬಿ.ಪಿ. ಮಾತ್ರೆಯ ಸ್ಟ್ರಿಪ್ ತೆಗೆದು, ಖರೀದಿಸಿದ ದಿನಾಂಕಕ್ಕೂ ಉಳಿದಿರುವ ಮಾತ್ರೆಗಳಿಗೂ ತಾಳೆಯಾಗುತ್ತದೆಯೇ ಎಂದು ಎಣಿಸಿ. ಹಾಲಿನ ಪಾತ್ರೆಯ ತಳ ಪದೇಪದೇ ಸೀದಿದೆಯೇ, ಫ್ರಿಜ್ಜಿನಲ್ಲಿ ಒಡೆಯದ ಮೊಸರಿನ ಪ್ಯಾಕೆಟ್‌ಗಳು ಸೇರಿಕೊಂಡಿವೆಯೇ, ಕಟ್ಟದ ಕರೆಂಟ್ ಬಿಲ್ ದೇವರ ಫೋಟೋದ ಹಿಂದೆ ಸಿಕ್ಕಿಕೊಂಡಿದೆಯೇ ಎಂದು ನೋಡಿ. ಈ ಗುರುತುಗಳು ಬಾಯಿಮಾತಿಗಿಂತ ಹೆಚ್ಚು ಹೇಳುತ್ತವೆ.

ಎರಡನೆಯದು ರಾತ್ರಿ. ಎಷ್ಟು ಸಲ ಏಳುತ್ತಾರೆ, ಎದ್ದಾಗ ಗೋಡೆ ಹಿಡಿದು ನಡೆಯುತ್ತಾರೆಯೇ, ದಿಕ್ಕು ತಪ್ಪುತ್ತಾರೆಯೇ? ರಾತ್ರಿ ಒಮ್ಮೆ ಎದ್ದು ತಾವೇ ಹೋಗಿ ಬರುವವರಿಗೂ ನಾಲ್ಕು ಸಲ ಇನ್ನೊಬ್ಬರನ್ನು ಎಬ್ಬಿಸಬೇಕಾದವರಿಗೂ ಬೇಕಾಗುವ ವ್ಯವಸ್ಥೆಗಳು ಪೂರ್ತಿ ಬೇರೆ, ಖರ್ಚೂ ಬೇರೆ.

ಮೂರನೆಯದು ನೆನಪು. ಭಾರತದಲ್ಲಿ 60 ದಾಟಿದವರಲ್ಲಿ ಶೇ 7.4ರಷ್ಟು ಮಂದಿಗೆ ಮರೆಗುಳಿ ಕಾಯಿಲೆ, ಅಂದರೆ ಡಿಮೆನ್ಷಿಯಾ ಇದೆ ಎಂದು 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನವೊಂದು ಅಂದಾಜಿಸಿತು. "ವಯಸ್ಸಾಯಿತು, ಅರಳುಮರಳು" ಎಂದು ಅದನ್ನು ತಳ್ಳಿಹಾಕಿದರೆ ಮುಂದಿನ ಲೆಕ್ಕಾಚಾರವೆಲ್ಲ ತಲೆಕೆಳಗಾಗುತ್ತದೆ. ಮರೆವು ಕಂಡರೆ ಯಾವ ಜಾಗವನ್ನೂ ಆರಿಸುವ ಮೊದಲು ತಪಾಸಣೆ ಮಾಡಿಸಬೇಕು. ಥೈರಾಯ್ಡ್ ತೊಂದರೆ, ಬಿ-12 ಕೊರತೆ, ಖಿನ್ನತೆಗಳಿಂದ ಬರುವ ಮರೆವಿಗೆ ಚಿಕಿತ್ಸೆಯಿದೆ.

ಉಳಿದ ಮೂರು ಅಳತೆಗಳು ಕುಟುಂಬಕ್ಕೆ ಸಂಬಂಧಿಸಿದವು. ನೋಡಿಕೊಳ್ಳುವವರು ಬಾರದ ದಿನ ಒಂದು ಗಂಟೆಯೊಳಗೆ ಬರಬಲ್ಲವರು ಯಾರು? ಈ ತಿಂಗಳ ಖರ್ಚನ್ನಲ್ಲ, ಐದು ವರ್ಷದ ಖರ್ಚನ್ನು ಹೊರುವವರು ಯಾರು? ಮತ್ತು ಆರೈಕೆ ಪಡೆಯುವವರಿಗೆ ಏನು ಬೇಕು? ಕೊನೆಯ ಪ್ರಶ್ನೆಯನ್ನು ಮಕ್ಕಳೆಲ್ಲ ತೀರ್ಮಾನಕ್ಕೆ ಬಂದಮೇಲೆ ಕೇಳುವ ರೂಢಿಯಿದೆ. ಆಗ ಸಿಗುವುದು ಒಪ್ಪಿಗೆಯಲ್ಲ, ಸುಮ್ಮನಾಗುವಿಕೆ.

ಸ್ವಂತ ಮನೆ, ಅಲ್ಪಸ್ವಲ್ಪ ಆಸರೆ

ಆರು ಕೆಲಸಗಳನ್ನು ತಾವೇ ಮಾಡಿಕೊಳ್ಳುವ, ನೆನಪು ಚೆನ್ನಾಗಿರುವ, ರಾತ್ರಿ ಸಹಾಯ ಬೇಡದವರಿಗೆ ಇದಕ್ಕಿಂತ ಒಳ್ಳೆಯ ಆಯ್ಕೆ ಇಲ್ಲವೆಂದು ನಾನು ಭಾವಿಸುತ್ತೇನೆ. ಒಮ್ಮೆ ಬಿದ್ದರು ಎಂಬ ಒಂದೇ ಕಾರಣಕ್ಕೆ ಮನೆ ಬಿಡಿಸುವುದು ಅವಸರದ ಕ್ರಮ. ಮೊದಲು ಬಚ್ಚಲನ್ನು ಸರಿಪಡಿಸಿ. ಕಮೋಡಿನ ಪಕ್ಕ ಮತ್ತು ಸ್ನಾನ ಮಾಡುವಲ್ಲಿ ಗೋಡೆಗೆ ಹಿಡಿಕೆ, ಜಾರದ ನೆಲಹಾಸು, ಕುಳಿತು ಸ್ನಾನ ಮಾಡಲು ಪ್ಲಾಸ್ಟಿಕ್ ಕುರ್ಚಿ, ಹಾಸಿಗೆಯಿಂದ ಬಚ್ಚಲಿನವರೆಗೆ ರಾತ್ರಿಯೆಲ್ಲ ಉರಿಯುವ ಸಣ್ಣ ದೀಪ, ಹೊರಗಿನಿಂದಲೂ ತೆಗೆಯಬಹುದಾದ ಚಿಲಕ – ಇವೆಲ್ಲಕ್ಕೆ ಆಗುವ ಖರ್ಚು ಹೋಂ ನರ್ಸ್ ಒಬ್ಬರ ಒಂದು ತಿಂಗಳ ಸಂಬಳವನ್ನು ಸಾಮಾನ್ಯವಾಗಿ ದಾಟುವುದಿಲ್ಲ. ಇದರ ಮೇಲೆ ಅಡುಗೆಗೊಬ್ಬರು, ಬೀಗದ ಕೈ ಇಟ್ಟುಕೊಳ್ಳಲು ನಂಬಿಕಸ್ತ ನೆರೆಯವರು, ಬೆಳಿಗ್ಗೆ ತಪ್ಪದೆ ಒಂದು ಫೋನ್ ಕರೆ ಇದ್ದರೆ ಎಷ್ಟೋ ವರ್ಷ ನಡೆಯುತ್ತದೆ.

70 ದಾಟಿದವರಿಗೆ ಮನೆಬಾಗಿಲಲ್ಲೇ ಮೂಲಭೂತ ಬ್ಯಾಂಕಿಂಗ್ ಸೇವೆ ಕೊಡಬೇಕೆಂದು ರಿಸರ್ವ್ ಬ್ಯಾಂಕ್ 2017ರಲ್ಲಿಯೇ ಬ್ಯಾಂಕುಗಳಿಗೆ ಸೂಚಿಸಿದೆ. ಪಿಂಚಣಿದಾರರ ಜೀವಿತ ಪ್ರಮಾಣಪತ್ರವನ್ನು ಈಗ ಮೊಬೈಲಿನಲ್ಲಿ ಮುಖ ತೋರಿಸಿಯೇ ಸಲ್ಲಿಸಬಹುದು. ಹಿರಿಯರ ರಾಷ್ಟ್ರೀಯ ಸಹಾಯವಾಣಿ 14567. ಬೆಂಗಳೂರಿನಲ್ಲಿ ಪೊಲೀಸರೂ ಹಿರಿಯರ ಆರೈಕೆಯ ಸಂಸ್ಥೆಯಾದ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟೂ ಸೇರಿ ನಡೆಸುವ 1090 ಇದೆ. ಈ ಆಯ್ಕೆಯ ದೌರ್ಬಲ್ಯ ಒಂದೇ: ಪರಿಸ್ಥಿತಿ ಬದಲಾದದ್ದು ದೂರದಲ್ಲಿರುವ ಮಕ್ಕಳಿಗೆ ತಡವಾಗಿ ತಿಳಿಯುತ್ತದೆ. ಹಾಗಾಗಿ ಮೇಲೆ ಹೇಳಿದ ಆರು ಕೆಲಸಗಳ ಪಟ್ಟಿಯನ್ನು ಮೂರು ತಿಂಗಳಿಗೊಮ್ಮೆ ಹೊಸದಾಗಿ ಬರೆಯಬೇಕು.

ಹೋಂ ನರ್ಸ್ ಇಡುವುದಾದರೆ

ಅತಿ ಹೆಚ್ಚು ಗೊಂದಲವಿರುವುದು ಇಲ್ಲಿಯೇ ಆದ್ದರಿಂದ ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ನಮ್ಮಲ್ಲಿ ಹೋಂ ನರ್ಸ್ ಎಂದು ಕರೆಸಿಕೊಳ್ಳುವವರಲ್ಲಿ ಬಹುಪಾಲು ಮಂದಿ ನರ್ಸಿಂಗ್ ಓದಿದವರಲ್ಲ. ಏಜೆನ್ಸಿಯಲ್ಲಿ ಕೆಲವು ದಿನಗಳ ತರಬೇತಿ ಪಡೆದು ಬಂದ ಸಹಾಯಕರು. ಸ್ನಾನ ಮಾಡಿಸುವುದು, ಡೈಪರ್ ಬದಲಿಸುವುದು, ಊಟ ಮಾಡಿಸುವುದು, ಮಾತ್ರೆ ನೆನಪಿಸುವುದು, ಮಗ್ಗುಲು ತಿರುಗಿಸುವುದು ಅವರ ಕೆಲಸ. ಇಂಜೆಕ್ಷನ್ ಕೊಡುವುದು, ಕ್ಯಾಥೆಟರ್ (ಮೂತ್ರದ ಕೊಳವೆ) ಬದಲಿಸುವುದು, ಹುಣ್ಣಿಗೆ ಡ್ರೆಸಿಂಗ್ ಮಾಡುವುದು, ಮೂಗಿನ ಕೊಳವೆ ಹಾಕುವುದು ಇವಕ್ಕೆ ಜಿ.ಎನ್.ಎಂ. (ನರ್ಸಿಂಗ್ ಡಿಪ್ಲೊಮಾ) ಅಥವಾ ಬಿ.ಎಸ್ಸಿ. ನರ್ಸಿಂಗ್ ಓದಿ, ನರ್ಸಿಂಗ್ ಪರಿಷತ್ತಿನಲ್ಲಿ ನೋಂದಾಯಿಸಿಕೊಂಡವರೇ ಬೇಕು. ಸಹಾಯಕರಿಗೆ ಸಂಬಳ ಕೊಟ್ಟು ನರ್ಸಿನ ಕೆಲಸ ನಿರೀಕ್ಷಿಸುವುದು ರೋಗಿಗೂ ಅಪಾಯ, ಆ ಹೆಣ್ಣುಮಗಳಿಗೂ ಅನ್ಯಾಯ. ನಿಮಗೆ ಯಾರು ಬೇಕೆಂಬುದನ್ನು ಏಜೆನ್ಸಿಯೊಂದಿಗೆ ಮಾತಾಡುವ ಮೊದಲೇ ನಿಮ್ಮ ವೈದ್ಯರಿಂದ ತಿಳಿದುಕೊಳ್ಳಿ.

ಇನ್ನೊಂದು ಗೊಂದಲ "24 ಗಂಟೆಯ ಸೇವೆ" ಎಂಬ ಮಾತಿನದು. ಮನೆಯಲ್ಲೇ ಉಳಿಯುವ ಒಬ್ಬ ವ್ಯಕ್ತಿ ಎಂದಷ್ಟೇ ಅದರ ಅರ್ಥ. ಆ ವ್ಯಕ್ತಿಗೂ ನಿದ್ದೆ ಬೇಕು. ರೋಗಿ ರಾತ್ರಿ ಒಂದೆರಡು ಸಲ ಎದ್ದರೆ ಅವರು ನಿಭಾಯಿಸಬಲ್ಲರು. ಪೂರ್ತಿ ಹಾಸಿಗೆ ಹಿಡಿದವರನ್ನು ಹಾಸಿಗೆ ಹುಣ್ಣಾಗದಂತೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕೆಂದು ವೈದ್ಯರು ಹೇಳಿದ್ದರೆ, ಅದನ್ನು ಒಬ್ಬರೇ ಹಗಲೂ ರಾತ್ರಿ ಮಾಡಲಾರರು. ಮಾಡುತ್ತೇನೆಂದು ಒಪ್ಪಿಕೊಂಡವರೂ ನಾಲ್ಕನೆಯ ರಾತ್ರಿ ನಿದ್ದೆಹೋಗುತ್ತಾರೆ, ಬೆಳಿಗ್ಗೆ ಸೊಂಟದ ಕೆಳಗೆ ಕೆಂಪು ಕಲೆ ಕಾಣುತ್ತದೆ. ಅಂಥ ಸ್ಥಿತಿಯಲ್ಲಿ 12 ಗಂಟೆಯ ಎರಡು ಪಾಳಿಯೇ ಬೇಕು.

ಲೆಕ್ಕವನ್ನು ಒಂದು ಉದಾಹರಣೆಯಿಂದ ನೋಡೋಣ. ಮನೆಯಲ್ಲೇ ಉಳಿಯುವವರಿಗೆ ತಿಂಗಳಿಗೆ 25,000 ರೂಪಾಯಿ ಎಂದಿಟ್ಟುಕೊಳ್ಳಿ. ದಿನಕ್ಕೆ ಮೂರರಂತೆ, ಒಂದಕ್ಕೆ 40 ರೂಪಾಯಿಯ ಡೈಪರಿಗೆ 3,600. ಆ ಸಹಾಯಕರ ಊಟತಿಂಡಿಗೆ 4,000. ತಿಂಗಳಿಗೆ ಎಂಟು ಸಲ ಬರುವ ಫಿಸಿಯೋಥೆರಪಿಯವರಿಗೆ 500ರಂತೆ 4,000. ಒಟ್ಟು 36,600. ವರ್ಷಕ್ಕೆ ಶೇ 8ರಷ್ಟು ಏರಿದರೆ ಐದು ವರ್ಷದ ಬಳಿಕ ಇದು 54,000ದ ಹತ್ತಿರ ಬರುತ್ತದೆ. ಎರಡು ಪಾಳಿಯಾದರೆ, ಒಬ್ಬರಿಗೆ ದಿನಕ್ಕೆ 800 ಎಂದರೂ ಸಂಬಳವೊಂದೇ 48,000. ನಿಮ್ಮ ಊರಿನ ದರ ಹಾಕಿ ಇದೇ ಲೆಕ್ಕ ಮಾಡಿ ನೋಡಿ. ಆಸ್ಪತ್ರೆಗೆ ಸೇರಿದಾಗಷ್ಟೇ ಹಣ ಕೊಡುವ ಸಾಮಾನ್ಯ ಆರೋಗ್ಯ ವಿಮೆಯಲ್ಲಿ ಈ ಸಂಬಳ ಸೇರುವುದಿಲ್ಲ ಎಂಬುದೂ ಗಮನದಲ್ಲಿರಲಿ.

ಏಜೆನ್ಸಿಯಿಂದ ಬರಹದಲ್ಲಿ ಪಡೆಯಬೇಕಾದದ್ದು ಇಷ್ಟು: ಬಂದವರು ಹೊರಟುಹೋದರೆ ಬದಲಿ ಎಷ್ಟು ದಿನದಲ್ಲಿ ಬರುತ್ತಾರೆ, ಆ ದಿನಗಳ ಹಣ ಕಡಿತವಾಗುತ್ತದೆಯೇ, ನೋಂದಣಿ ಶುಲ್ಕ ಎಷ್ಟು ತಿಂಗಳಿಗೆ, ಪೊಲೀಸ್ ಪರಿಶೀಲನೆಯ ಪ್ರತಿ ಎಲ್ಲಿದೆ. ಹಬ್ಬದ ವಾರ ಬದಲಿ ಸಿಗುವುದು ಎಲ್ಲ ಊರಲ್ಲೂ ಕಷ್ಟವೇ; ಆ ವಾರಕ್ಕೆ ಕುಟುಂಬದವರೇ ರಜೆ ಹಾಕಬೇಕೆಂದು ಮೊದಲೇ ಒಪ್ಪಂದವಾಗಿರಲಿ. ನೋಡಿಕೊಳ್ಳಲು ಬಂದವರಿಗೆ ಮಲಗಲು ಜಾಗ, ಹೊಟ್ಟೆತುಂಬ ಊಟ, ವಾರಕ್ಕೊಂದು ಬಿಡುವು ಕೊಟ್ಟ ಮನೆಗಳಲ್ಲಿ ಅವರು ಹೆಚ್ಚು ಕಾಲ ಉಳಿಯುತ್ತಾರೆ. ಇಡೀ ಮನೆಯ ಪಾತ್ರೆ ತೊಳೆಸುವ ಮನೆಗಳಲ್ಲಿ ಉಳಿಯುವುದಿಲ್ಲ. ಕ್ಯಾಮೆರಾ ಹಾಕುವುದಾದರೆ ಹಿರಿಯರಿಗೂ ಕೆಲಸದವರಿಗೂ ತಿಳಿಸಿಯೇ ಹಾಕಿ, ಮೈ ಒರೆಸುವ, ಬಟ್ಟೆ ಬದಲಿಸುವ ಜಾಗವನ್ನು ಬಿಟ್ಟು. ಕ್ಯಾಮೆರಾ ಏನಿದ್ದರೂ ಆಗಾಗ ಹೇಳದೆ ಬಂದು ನೋಡುವ ನೆಂಟರೊಬ್ಬರು ಅದೇ ಊರಿನಲ್ಲಿ ಇಲ್ಲದಿದ್ದರೆ ನಾನು ಈ ಆಯ್ಕೆಯನ್ನು ಶಿಫಾರಸು ಮಾಡುವುದಿಲ್ಲ.

ಮಕ್ಕಳ ಮನೆಗೆ ಕರೆತರುವುದು

ಇದು ಖರ್ಚಿಲ್ಲದ ದಾರಿಯಂತೆ ತೋರುತ್ತದೆ. ಆದರೆ ಒಬ್ಬರು ಕೆಲಸ ಬಿಡಬೇಕಾಗಿ ಬಂದರೆ ಆ ಸಂಬಳವನ್ನೂ ಖರ್ಚಿನ ಕಡೆಗೇ ಬರೆಯಬೇಕು; ಮತ್ತು ಕೆಲಸ ಬಿಡುವವರು ಯಾರು ಎಂಬುದಕ್ಕೆ ನಮ್ಮ ಮನೆಗಳಲ್ಲಿ ಉತ್ತರ ಬಹುತೇಕ ಒಂದೇ. ಹಿರಿಯರ ಕಡೆಯಿಂದ ನೋಡಿದರೂ ಕಳೆದುಕೊಳ್ಳುವುದು ಕಡಿಮೆಯಲ್ಲ. ಹೂ ಮಾರುವವಳ ಹತ್ತಿರ ನಾಲ್ಕು ಮಾತು, ಮೆಡಿಕಲ್ ಶಾಪಿನ ಪರಿಚಯದ ಹುಡುಗ, ಜಗಲಿಯ ಮೇಲಿನ ಸಂಜೆ ಎಲ್ಲ ಹೋಗಿ, ಒಂಬತ್ತನೆಯ ಮಹಡಿಯ ಬೀಗ ಹಾಕಿದ ಫ್ಲ್ಯಾಟ್ ಉಳಿಯುತ್ತದೆ. ಮಗ ಪುಣೆಯಲ್ಲೋ ದೆಹಲಿಯಲ್ಲೋ ಇದ್ದರೆ ಭಾಷೆಯೂ ಹೋಗುತ್ತದೆ.

ಆದರೂ ರಾತ್ರಿಯ ನೆರವು ಬೇಕಾಗಿ, ಹಗಲು ಸ್ವಲ್ಪ ಮಟ್ಟಿಗೆ ಓಡಾಡಬಲ್ಲವರಿಗೆ ಇದು ಒಳ್ಳೆಯ ಏರ್ಪಾಡಾಗಬಲ್ಲದು. ಬೆಳಿಗ್ಗೆ ಬಿಟ್ಟು ಸಂಜೆ ಕರೆತರುವ ಹಗಲು ಆರೈಕೆ ಕೇಂದ್ರ ಹತ್ತಿರದಲ್ಲಿದ್ದರೆ ಇನ್ನೂ ಒಳ್ಳೆಯದು. ಬೆಂಗಳೂರಿನಂಥ ನಗರಗಳಲ್ಲಿ ಇವು ಇವೆ, ಸಣ್ಣ ಊರುಗಳಲ್ಲಿ ಅಪರೂಪ. ಮೂರು ತಿಂಗಳು ಅಣ್ಣನ ಮನೆ, ಮೂರು ತಿಂಗಳು ತಂಗಿಯ ಮನೆ ಎಂಬ ಸರದಿಯನ್ನು, ಮರೆವಿನ ಕಾಯಿಲೆ ಇರುವವರಿಗೆ ಮಾತ್ರ ಎಂದಿಗೂ ಮಾಡಬೇಡಿ. ಬಚ್ಚಲು ಯಾವ ಕಡೆಗಿದೆ ಎಂಬುದು ರೂಢಿಯಾಗುವಷ್ಟರಲ್ಲಿ ಮನೆ ಬದಲಾಗಿ, ಅವರ ಗೊಂದಲ ಹೆಚ್ಚುತ್ತದೆ. ಪರದೇಶಕ್ಕೆ ಕರೆದೊಯ್ಯುವ ವಿಚಾರದಲ್ಲಿ ಇಷ್ಟೇ ಹೇಳಬಹುದು: ಪ್ರವಾಸಿ ವೀಸಾದ ಮೇಲೆ ಕೆಲವು ತಿಂಗಳು ಉಳಿಸಿಕೊಳ್ಳುವುದು ಭೇಟಿಯಾಗುತ್ತದೆ, ಆರೈಕೆಯ ಏರ್ಪಾಡಾಗುವುದಿಲ್ಲ.

ವೃದ್ಧಾಶ್ರಮ ಮತ್ತು ಹಿರಿಯರ ಬಡಾವಣೆ

ವೃದ್ಧಾಶ್ರಮಗಳಲ್ಲಿ ಎರಡು ಬಗೆ. ಗತಿಯಿಲ್ಲದವರಿಗೆ ಉಚಿತವಾಗಿ ನಡೆಯುವವು ಒಂದು. ಇವುಗಳಲ್ಲಿ ಅನೇಕಕ್ಕೆ ಸರ್ಕಾರದ ಅನುದಾನವಿದೆ. 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆ ಜಿಲ್ಲೆಗೊಂದಾದರೂ ಎಂಬಲ್ಲಿಂದ ಆರಂಭಿಸಿ ರಾಜ್ಯ ಸರ್ಕಾರ ಇಂಥ ಆಶ್ರಯಗಳನ್ನು ಸ್ಥಾಪಿಸಬಹುದೆಂದು ಹೇಳುತ್ತದೆ. ವಿಚಾರಿಸಬೇಕಾದದ್ದು ಜಿಲ್ಲೆಯ ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಕಚೇರಿಯಲ್ಲಿ. ರಾಜ್ಯ ಸರ್ಕಾರದ ಸಂಧ್ಯಾ ಸುರಕ್ಷಾ ಪಿಂಚಣಿ ಯೋಜನೆಯಲ್ಲಿ 65 ದಾಟಿದ ಅರ್ಹರಿಗೆ ತಿಂಗಳಿಗೆ ಸಿಗುವ 1,200 ರೂಪಾಯಿ ಒಂದು ತಿಂಗಳ ಡೈಪರಿಗೂ ಸಾಲದು. ಬಡ ಕುಟುಂಬಗಳಿಗೆ ಇರುವ ಆಯ್ಕೆ ಎಷ್ಟು ಕಿರಿದು ಎಂಬುದು ಇದರಿಂದಲೇ ಗೊತ್ತಾಗುತ್ತದೆ.

ಹಣ ಪಡೆಯುವ ಆಶ್ರಮಗಳನ್ನು ನೋಡಲು ಹೋಗುವವರು ಒಂದು ಪ್ರಶ್ನೆಯನ್ನು ಮರೆಯಬಾರದು: "ಇವರು ನಾಳೆ ಹಾಸಿಗೆ ಹಿಡಿದರೆ ಇಲ್ಲಿಯೇ ಇಟ್ಟುಕೊಳ್ಳುತ್ತೀರಾ?" ತಾವೇ ಓಡಾಡುವವರನ್ನು ಮಾತ್ರ ಸೇರಿಸಿಕೊಳ್ಳುವ ಜಾಗಗಳು ಹಲವು. ಅಲ್ಲಿ ಸೊಂಟದ ಮೂಳೆ ಮುರಿದ ದಿನವೇ ಮನೆಗೆ ಫೋನ್ ಬರುತ್ತದೆ. ಉಳಿದಂತೆ ರಾತ್ರಿ ಎಷ್ಟು ಮಂದಿಗೆ ಒಬ್ಬ ಸಿಬ್ಬಂದಿ, ಆಸ್ಪತ್ರೆಗೆ ಸೇರಿಸಿದರೆ ಜೊತೆಗೆ ಉಳಿಯುವವರು ಯಾರು, ಠೇವಣಿಯಲ್ಲಿ ಎಷ್ಟು ವಾಪಸ್, ಎಷ್ಟು ದಿನದಲ್ಲಿ, ಇವನ್ನೆಲ್ಲ ಬರಹದಲ್ಲಿ ಕೇಳಿ. ಮೊದಲ ಭೇಟಿ ಅವರು ಹೇಳಿದ ಹೊತ್ತಿಗಿರಲಿ. ಎರಡನೆಯದು ಸಂಜೆ ಕಾಫಿ ಕೊಡುವ ಹೊತ್ತಿಗೆ, ಸಾಧ್ಯವಾದರೆ ಮತ್ತೊಂದು ರಾತ್ರಿ ಎಂಟರ ಮೇಲೆ. ಅಲ್ಲಿರುವವರ ಉಗುರು ನೋಡಿ, ಬಚ್ಚಲಿನ ನೆಲ ಒಣಗಿದೆಯೇ ನೋಡಿ, ಹಾಸಿಗೆಯ ಪಕ್ಕದ ಕರೆಗಂಟೆಯನ್ನು ಒತ್ತಿ ಎಷ್ಟು ಹೊತ್ತಿಗೆ ಜನ ಬರುತ್ತಾರೆ ನೋಡಿ. ವ್ಯವಸ್ಥಾಪಕರು ತೋರಿಸುವ ಭಜನೆ ಹಾಲ್ ಎಲ್ಲ ಕಡೆಯೂ ಚೆನ್ನಾಗಿಯೇ ಇರುತ್ತದೆ.

ಹಿರಿಯರ ಬಡಾವಣೆ ಅಥವಾ ಸೀನಿಯರ್ ಲಿವಿಂಗ್ ಎಂಬುದು ಬೇರೆಯೇ ವರ್ಗ. ಪತಿಪತ್ನಿ ಇಬ್ಬರೂ 60–70ರ ನಡುವೆ ಇದ್ದು, ಗಟ್ಟಿಮುಟ್ಟಾಗಿದ್ದು, ಒಳ್ಳೆಯ ಪಿಂಚಣಿಯೋ ಉಳಿತಾಯವೋ ಇದ್ದವರಿಗೆ ಸಹವಾಸ, ಸಿದ್ಧ ಊಟ, ಮನೆ ರಿಪೇರಿಯ ರಗಳೆಯಿಲ್ಲದ ಬದುಕು ಸಿಗುತ್ತದೆ. ತೊಂದರೆಯೆಂದರೆ, ವಾಕಿಂಗ್ ದಾರಿ ನೋಡಿ 65ಕ್ಕೆ ಕೊಂಡ ಮನೆಯಲ್ಲಿ 80ಕ್ಕೆ ಬೇಕಾಗುವುದು ಸ್ನಾನ ಮಾಡಿಸುವ ಕೈ. ಆವರಣದೊಳಗೇ ಅಂಥ ಆರೈಕೆಯ ವಿಭಾಗ ಈಗಾಗಲೇ ನಡೆಯುತ್ತಿದೆಯೇ, ಅಥವಾ "ಎರಡನೆಯ ಹಂತದಲ್ಲಿ ಬರುತ್ತದೆ" ಎಂಬ ಭರವಸೆಯಷ್ಟೇ ಇದೆಯೇ ಎಂದು ನೋಡಿ. ಕೇಂದ್ರ ವಸತಿ ಸಚಿವಾಲಯ 2019ರಲ್ಲಿ ನಿವೃತ್ತರ ಮನೆಗಳಿಗೆ ಮಾದರಿ ಮಾರ್ಗಸೂಚಿ ಹೊರಡಿಸಿದೆ; ಹೊಸ ಯೋಜನೆಯಾದರೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಪರಿಶೀಲಿಸಿ. ಇಂತಿಷ್ಟು ವಯಸ್ಸಾದವರೇ ವಾಸಿಸಬೇಕೆಂಬ ನಿಯಮವಿದ್ದರೆ ಮಾರಾಟದ ಮಾರುಕಟ್ಟೆ ಕಿರಿದಾಗುತ್ತದೆ. ನನ್ನ ಅಭಿಪ್ರಾಯದಲ್ಲಿ ಮೊದಲ ವರ್ಷ ಬಾಡಿಗೆಗೆ ಇದ್ದು ನೋಡದೆ ಕೊಳ್ಳಬಾರದು.

ಮರೆಗುಳಿ ಕಾಯಿಲೆ ಮುಂದುವರಿದು, ಮನೆಯಿಂದ ಹೊರಗೆ ಹೋಗಿ ದಾರಿ ತಪ್ಪುವ, ರಾತ್ರಿಯಿಡೀ ಎಚ್ಚರವಿರುವ ಸ್ಥಿತಿ ಬಂದಾಗ ಸಾಮಾನ್ಯ ವೃದ್ಧಾಶ್ರಮವೂ ಸಾಲದು. ಅದಕ್ಕೆಂದೇ ಇರುವ ಕೇಂದ್ರ ಬೇಕು. ಬೆಂಗಳೂರಿನ ಕಸ್ತೂರಿನಗರದಲ್ಲಿ ನೈಟಿಂಗೇಲ್ಸ್ ಟ್ರಸ್ಟಿನದು ಅಂಥದೊಂದು. ವಾರವೋ ತಿಂಗಳೋ ತಾತ್ಕಾಲಿಕವಾಗಿ ಇರಿಸಿಕೊಳ್ಳುವ ಸೌಲಭ್ಯ ಇದೆಯೇ ಎಂದು ಇಂಥ ಕಡೆ ಕೇಳಬೇಕು. ನೋಡಿಕೊಂಡು ದಣಿದವರಿಗೆ ಅದರಿಂದ ಉಸಿರಾಡಲು ಬಿಡುವು ಸಿಗುತ್ತದೆ. ಗುಣವಾಗದ ಹಂತಕ್ಕೆ ಬಂದ ಕ್ಯಾನ್ಸರ್ ರೋಗಿಗಳಿಗೆ ನೋವು ಶಮನದ ಆರೈಕೆಯನ್ನು ಬೆಂಗಳೂರಿನ ಕರುಣಾಶ್ರಯ ಉಚಿತವಾಗಿ ಕೊಡುತ್ತದೆ. ಅದನ್ನು ವೃದ್ಧಾಶ್ರಮವೆಂದು ತಿಳಿದು ವಿಚಾರಿಸುವವರಿದ್ದಾರೆ, ಅದು ಬೇರೆ.

ಕಾಗದಪತ್ರ

ಯಾವ ಆಯ್ಕೆಯಾದರೂ ಹಿರಿಯರ ಬುದ್ಧಿ ಚುರುಕಾಗಿರುವಾಗಲೇ ಮುಗಿಸಬೇಕಾದ ಕೆಲಸಗಳಿವೆ. ಸಾಮಾನ್ಯ ಮುಖ್ತಾರುಪತ್ರ (ಪವರ್ ಆಫ್ ಅಟಾರ್ನಿ) ಇದ್ದರೆ ಸಾಕೆಂದು ಅನೇಕರು ನಂಬಿರುತ್ತಾರೆ. ಬರೆದುಕೊಟ್ಟವರ ಮನಸ್ಸು ಸ್ವಾಧೀನ ತಪ್ಪಿದರೆ ಅದು ಕಾನೂನಿನಲ್ಲಿ ಕೊನೆಗೊಳ್ಳುತ್ತದೆ. ಹಾಗಾಗಿ ಬ್ಯಾಂಕ್ ಖಾತೆಯನ್ನು ಇಬ್ಬರಲ್ಲಿ ಯಾರಾದರೂ ನಡೆಸಬಹುದಾದ ಜಂಟಿ ಖಾತೆ ಮಾಡಿ. ನೋಡಿಕೊಳ್ಳುತ್ತೇನೆಂಬ ಮಾತಿನ ಮೇಲೆ ಮನೆಯನ್ನು ಮಕ್ಕಳಿಗೆ ದಾನಪತ್ರದಲ್ಲಿ ಕೊಡುವುದಾದರೆ ಆ ಷರತ್ತನ್ನು ಪತ್ರದಲ್ಲೇ ಬರೆಸಿ. 2007ರ ಕಾಯ್ದೆಯ 23ನೆಯ ಕಲಂ ಅಂಥ ವರ್ಗಾವಣೆಯನ್ನು ರದ್ದುಮಾಡಿಸಲು ಅವಕಾಶ ಕೊಡುತ್ತದೆ; ಆದರೆ ಷರತ್ತು ಇರಲೇಬೇಕೆಂದು 2022ರಲ್ಲಿ ಹೇಳಿದ ಸುಪ್ರೀಂ ಕೋರ್ಟ್, 2025ರ ಜನವರಿಯ ತೀರ್ಪಿನಲ್ಲಿ ಕಾಯ್ದೆಯನ್ನು ಹಿರಿಯರ ಪರವಾಗಿ ಉದಾರವಾಗಿ ಅರ್ಥೈಸಿತು. ವ್ಯಾಜ್ಯಕ್ಕೆ ಎಡೆಯಿಲ್ಲದಂತೆ ಬರೆಸುವುದೇ ಕ್ಷೇಮ. ಕೊನೆಗಾಲದಲ್ಲಿ ವೆಂಟಿಲೇಟರ್‌ನಂಥ ಚಿಕಿತ್ಸೆ ಬೇಕೋ ಬೇಡವೋ ಎಂಬುದನ್ನು ಮುಂಚಿತವಾಗಿ ಬರೆದಿಡುವ ಕ್ರಮವನ್ನು ಸುಪ್ರೀಂ ಕೋರ್ಟ್ 2023ರಲ್ಲಿ ಸರಳಗೊಳಿಸಿದೆ: ಇಬ್ಬರು ಸಾಕ್ಷಿಗಳು, ಜೊತೆಗೆ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಮುಂದೆ ಸಹಿ.

ಹಾಗಾದರೆ ಯಾರಿಗೆ ಯಾವುದು

ರಾತ್ರಿ ನೆರವು ಬೇಡ, ನೆನಪು ಸರಿಯಿದೆ ಎಂದಾದರೆ ಬಜೆಟ್ ಎಷ್ಟೇ ಇರಲಿ ಸ್ವಂತ ಮನೆಯೇ ಮೊದಲ ಆಯ್ಕೆ. ರಾತ್ರಿ ಒಂದೆರಡು ಸಲ ನೆರವು ಬೇಕಿದ್ದು, ಅದೇ ಊರಿನಲ್ಲಿ ಹತ್ತಿರದವರು ಇದ್ದು, ತಿಂಗಳಿಗೆ 35–40 ಸಾವಿರ ಹಲವು ವರ್ಷ ಹೊರಬಲ್ಲಿರಾದರೆ ಹೋಂ ನರ್ಸ್. ಅಷ್ಟು ಹಣವಿಲ್ಲ, ಆದರೆ ಮಕ್ಕಳ ಮನೆಯಲ್ಲಿ ಒಂದು ಕೋಣೆಯಿದೆ ಎಂದಾದರೆ ಕರೆತಂದು, ಹಗಲು ಒಂದು ಪಾಳಿಗೆ ಮಾತ್ರ ಸಹಾಯಕರನ್ನಿಡುವುದು ಮೇಲು. ಊರಿನಲ್ಲಿ ಇಲ್ಲದ ಮಕ್ಕಳು ಆ ಖರ್ಚನ್ನು ಹೊತ್ತು, ವರ್ಷಕ್ಕೆ ಕೆಲವು ವಾರ ತಾವೇ ಬಂದು ನಿಲ್ಲಬೇಕು. ಪೂರ್ತಿ ಹಾಸಿಗೆ ಹಿಡಿದವರಿಗೆ, ಮನೆಯಲ್ಲಿ ಮೇಲ್ವಿಚಾರಣೆಗೆ ಯಾರೂ ಇಲ್ಲದಿದ್ದರೆ, ಇಬ್ಬರು ಹೋಂ ನರ್ಸುಗಳ ಬೆಲೆಗೆ ಒಳ್ಳೆಯ ಆರೈಕೆ ಕೇಂದ್ರವೊಂದು ಸಿಗಬಹುದು, ಮತ್ತು ಅಲ್ಲಿ ಒಬ್ಬರು ರಜೆ ಹಾಕಿದರೆ ಇನ್ನೊಬ್ಬರು ಇರುತ್ತಾರೆ. ಊರವರು ಏನೆನ್ನುತ್ತಾರೋ ಎಂಬ ಅಳುಕಿನಿಂದ ಈ ಕೊನೆಯ ಆಯ್ಕೆಯನ್ನು ಬಿಡುವವರಿಗೆ ಹೇಳಬೇಕಾದದ್ದಿಷ್ಟೆ: ಊರವರು ರಾತ್ರಿ ಎರಡು ಗಂಟೆಗೆ ಮಗ್ಗುಲು ತಿರುಗಿಸಲು ಬರುವುದಿಲ್ಲ.

ಆರಿಸಿದ ಏರ್ಪಾಡನ್ನು ಮೊದಲು ಒಂದು ತಿಂಗಳ ಮಟ್ಟಿಗೆ ಎಂದೇ ಎಲ್ಲರಿಗೂ ತಿಳಿಸಿ, ಮರುಪರಿಶೀಲನೆಯ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಆ ದಿನದ ಮಾತುಕತೆಯಲ್ಲಿ ಹಿರಿಯರನ್ನೂ ಕೂರಿಸಿಕೊಳ್ಳಿ. ಅವರ ಸ್ವಂತ ಮನೆಯನ್ನು ಮಾರುವ ಅಥವಾ ಬಾಡಿಗೆಗೆ ಕೊಡುವ ಮಾತನ್ನು ಕನಿಷ್ಠ ಆರು ತಿಂಗಳು ಎತ್ತಬೇಡಿ; ಅಷ್ಟರವರೆಗೆ ಕರೆಂಟ್ ಮತ್ತು ನೀರಿನ ಬಿಲ್ ಕಟ್ಟುತ್ತಿರಿ, ಗ್ಯಾಸ್ ಸಂಪರ್ಕವನ್ನು ಹಾಗೆಯೇ ಉಳಿಸಿಕೊಳ್ಳಿ.